‘ಯಾವುದು ಕೊಳ್ಳಲಿ?’ ಅನ್ನುವುದನ್ನು ಬಿಟ್ಟ ಮೇಲೆ: ಟ್ರೇಡಿಂಗ್ ಕಲಿಯುವಾಗ ನಾನು ಪ್ರಶ್ನೆ ಕೇಳುವ ಬಗೆ

“ಈ ಷೇರು ಈಗ ಕೊಳ್ಳಬಹುದಾ?” ಈ ಪ್ರಶ್ನೆಗೆ ಉತ್ತರ ಕೊಡದವರೇ ಇಲ್ಲ. ಆ ಉತ್ತರದಿಂದ ಕೆಲಸ ಆಗುವುದು ಮಾತ್ರ ಅಪರೂಪ. ಹೇಳುವವರಿಗೆ ನಿಮ್ಮ ಬಂಡವಾಳ ಎಷ್ಟು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಎಷ್ಟು ಕಳೆದುಕೊಂಡರೆ ನಿದ್ದೆ ಕೆಡುತ್ತದೆ ಎನ್ನುವುದು ಗೊತ್ತಿಲ್ಲ. ಅವರು “ಕೊಳ್ಳಿ” ಅಂದದ್ದು ಮೂರು ವರ್ಷದ ಲೆಕ್ಕಕ್ಕೆ, ನೀವು ಕೊಂಡದ್ದು ಮೂರು ದಿನಕ್ಕೆ. ಎರಡನೆಯ ದಿನ ಬೆಲೆ ಶೇ. 6 ಇಳಿದರೆ ಅವರು ತಿರುಗಿಯೂ ನೋಡುವುದಿಲ್ಲ, ನಿಮ್ಮ ಸ್ಟಾಪ್ ಲಾಸ್ (ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂದು ಮೊದಲೇ ಹಾಕಿಟ್ಟ ಆರ್ಡರ್) ಹೊಡೆದು ಹೋಗಿರುತ್ತದೆ. ಇನ್ನೊಂದು ತೊಡಕು: ಕೊಳ್ಳಿ ಎಂದು ಹೇಳಿದವರು ತಾವು ಮಾರುವಾಗ ಫೋನ್ ಮಾಡುವುದಿಲ್ಲ.

ಹಾಗಾಗಿ ನಾನು ಕೇಳುವ ಪ್ರಶ್ನೆಯನ್ನೇ ಬದಲಿಸಿಕೊಂಡೆ. ಈಗ ಯಾರನ್ನೇ ಕೇಳಿದರೂ ಕೇಳುವುದು ಒಂದೇ: “ನನ್ನ ಯೋಜನೆ ಇದು, ಇದರಲ್ಲಿ ತಪ್ಪು ಎಲ್ಲಿದೆ?” ಇದನ್ನು ಹೇಗೆ ಮಾಡುತ್ತೇನೆ, ಯಾವ ಪ್ರಶ್ನೆ ಯಾರ ಬಳಿ ಒಯ್ಯುತ್ತೇನೆ, ಬಂದ ಉತ್ತರವನ್ನು ಹೇಗೆ ತೂಗುತ್ತೇನೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಚೀಟಿ

ಬಾಯಿ ತೆರೆಯುವ ಮೊದಲು ಅರ್ಧ ಪುಟದ ಚೀಟಿ ಬರೆಯುತ್ತೇನೆ. ಯಾವ ಷೇರು ಅಥವಾ ಫಂಡ್, ಎಷ್ಟು ಅವಧಿಗೆ, ಎಂಟ್ರಿ ಅಂದರೆ ಕೊಳ್ಳುವ ಬೆಲೆ, ಸ್ಟಾಪ್ ಎಲ್ಲಿ ಮತ್ತು ಅಲ್ಲೇ ಯಾಕೆ, ಟಾರ್ಗೆಟ್ ಅಂದರೆ ಲಾಭಕ್ಕೆ ಮಾರುವ ಬೆಲೆ, ಎಷ್ಟು ಷೇರು, ಬಂಡವಾಳದಲ್ಲಿ ಅದರ ಪಾಲೆಷ್ಟು, ನಾನೇ ಏನೇನು ನೋಡಿಯಾಗಿದೆ. ಕೊನೆಯಲ್ಲಿ ಒಂದೇ ಪ್ರಶ್ನೆ. ಒಂದು ಮಾದರಿ ನೋಡಿ.

“ಬಂಡವಾಳ 1,00,000. ಒಂದು ಟ್ರೇಡ್‌ನಲ್ಲಿ ಶೇ. 1, ಅಂದರೆ 1,000 ಹೋದರೆ ಪರವಾಗಿಲ್ಲ. ಎಂಟ್ರಿ 250, ಸ್ಟಾಪ್ 240. ಷೇರೊಂದಕ್ಕೆ 10 ನಷ್ಟದ ಲೆಕ್ಕದಲ್ಲಿ 100 ಷೇರು, ಒಟ್ಟು 25,000. ಟಾರ್ಗೆಟ್ 270. ಸ್ಟಾಪ್ 240 ಯಾಕೆಂದರೆ ಕಳೆದ ಎರಡು ವಾರದ ತಳ 241. ಆದರೆ ಈ ಷೇರಿನ ದಿನದ ಸರಾಸರಿ ಏರಿಳಿತವೇ 9. ಹಾಗಿರುವಾಗ 10 ದೂರದ ಸ್ಟಾಪ್ ಸುಮ್ಮಸುಮ್ಮನೆ ಹೊಡೆದುಹೋಗುವುದಿಲ್ಲವೇ? 232ಕ್ಕೆ ಇಳಿಸಿದರೆ 55 ಷೇರು ಮಾತ್ರ ಕೊಳ್ಳಬಹುದು, ಲಾಭ-ನಷ್ಟದ ಅನುಪಾತ 2ರಿಂದ 1.1ಕ್ಕೆ ಬೀಳುತ್ತದೆ. ಎರಡರಲ್ಲಿ ಯಾವುದು?”

ಇಂಥ ಚೀಟಿ ಕಂಡ ಅನುಭವಿ ಒಂದು ನಿಮಿಷದಲ್ಲಿ ಹೇಳುವುದು: “ಎರಡೂ ಬೇಡ. ಸ್ಟಾಪ್ 232 ಸರಿ, ಎಂಟ್ರಿ ಸರಿಯಿಲ್ಲ. 244ಕ್ಕೆ ಬಂದರೆ ತಗೋ, ಬರದಿದ್ದರೆ ಬಿಡು.” 244ರಲ್ಲಿ ಕೊಂಡರೆ ನಷ್ಟ 12, ಲಾಭ 26, ಅನುಪಾತ 2ಕ್ಕಿಂತ ಮೇಲೆ, 83 ಷೇರು. ಈ ಮೂರನೆಯ ದಾರಿ ಚೀಟಿಯಲ್ಲಿ ಅಂಕಿಗಳಿದ್ದುದರಿಂದಲೇ ಹೊರಬಂತು. “ಸ್ಟಾಪ್ ಎಲ್ಲಿ ಹಾಕಲಿ?” ಎಂದಷ್ಟೇ ಕೇಳಿದ್ದರೆ “ಹಿಂದಿನ ತಳದ ಕೆಳಗೆ” ಎಂಬ ಸಿದ್ಧ ಉತ್ತರ ಬರುತ್ತಿತ್ತು, ಅದು ನನಗೆ ಮೊದಲೇ ಗೊತ್ತಿತ್ತು.

ಚೀಟಿಯಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಅವಧಿಯನ್ನು. ಅದಿಲ್ಲದೆ ಉಳಿದ ಯಾವ ಅಂಕಿಗೂ ಅರ್ಥವಿಲ್ಲ. ಇನ್ನೊಂದು ಮಾತು, ಚೀಟಿ ಬರೆಯುತ್ತಾ ಹೋದಂತೆ ಅರ್ಧದಷ್ಟು ಪ್ರಶ್ನೆಗಳು ಅಲ್ಲೇ ಕರಗಿಹೋಗುತ್ತವೆ. “ಸ್ಟಾಪ್ ಇಲ್ಲೇ ಯಾಕೆ” ಎನ್ನುವ ಸಾಲು ತುಂಬಲಾಗದಿದ್ದರೆ ಯಾರನ್ನೂ ಕೇಳುವ ಅಗತ್ಯವಿಲ್ಲ, ಆ ಟ್ರೇಡ್ ಇನ್ನೂ ಟ್ರೇಡ್ ಆಗಿಲ್ಲ.

ಲೆಕ್ಕ ಹೇಳುವ ಉತ್ತರವನ್ನು ಜನರ ಬಳಿ ಕೇಳುವುದಿಲ್ಲ

ಹೊಸಬರು ಕೇಳುವ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಅಭಿಪ್ರಾಯದ ಪ್ರಶ್ನೆಗಳಲ್ಲ, ಕ್ಯಾಲ್ಕುಲೇಟರ್ ಪ್ರಶ್ನೆಗಳು. “ಹತ್ತರಲ್ಲಿ ನಾಲ್ಕು ಟ್ರೇಡ್ ಗೆದ್ದರೆ ಸಾಕಾ?” ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ. ಲೆಕ್ಕ ಹಾಕಿದರೆ ಒಂದೇ. ಗೆದ್ದಾಗ ಬರುವುದು ಸೋತಾಗ ಹೋಗುವುದರ ಎಷ್ಟು ಪಟ್ಟು ಎಂದು ನೋಡಿ, ಅದಕ್ಕೆ 1 ಕೂಡಿಸಿ, 1ನ್ನು ಅದರಿಂದ ಭಾಗಿಸಿ. ಸಮ-ಸಮ ಇದ್ದರೆ ಶೇ. 50 ಗೆಲ್ಲಬೇಕು, 2 ಪಟ್ಟಿದ್ದರೆ ಶೇ. 33.3, 3 ಪಟ್ಟಿದ್ದರೆ ಶೇ. 25. ಅದಕ್ಕಿಂತ ಮೇಲಿದ್ದರೆ ಲಾಭ, ಕೆಳಗಿದ್ದರೆ ಎಷ್ಟು ಶ್ರಮಪಟ್ಟರೂ ನಷ್ಟ.

ಇದರೊಳಗೆ ಖರ್ಚು ಸೇರಿಸಿದಾಗ ಚಿತ್ರವೇ ಬದಲಾಗುತ್ತದೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ರೋಕರೇಜ್, ತೆರಿಗೆ, ಕೊಳ್ಳುವ-ಮಾರುವ ಬೆಲೆಯ ನಡುವಿನ ಅಂತರ, ಸ್ಲಿಪೇಜ್ (ಅಂದುಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ) ಎಲ್ಲ ಸೇರಿ ಷೇರಿಗೆ 0.50 ಎಂದುಕೊಳ್ಳಿ. 250ರ ಷೇರಿನಲ್ಲಿ ಅದು ಶೇ. 0.2, ನೋಡಲು ಏನೂ ಅಲ್ಲ. ಸ್ಟಾಪ್ 10 ದೂರ, ಟಾರ್ಗೆಟ್ 20 ದೂರ ಇದ್ದರೆ ನಿಜವಾದ ಲಾಭ 19.5, ನಷ್ಟ 10.5, ಗೆಲ್ಲಬೇಕಾದದ್ದು ಶೇ. 35. ಅದೇ 0.50 ಖರ್ಚಿನಲ್ಲಿ ಸ್ಟಾಪ್ 1 ದೂರ, ಟಾರ್ಗೆಟ್ 2 ದೂರ ಇಟ್ಟರೆ ಲಾಭ 1.5, ನಷ್ಟವೂ 1.5. ಈಗ ಶೇ. 50 ಗೆಲ್ಲಬೇಕು. ಕಾಗದದ ಮೇಲೆ ಎರಡಕ್ಕೂ ಅನುಪಾತ 2. “ನನ್ನ ವಿಧಾನ ದಿನದ ಚಾರ್ಟ್‌ನಲ್ಲಿ ಸರಿಯಾಗಿ ನಡೆಯುತ್ತದೆ, ಒಂದು ನಿಮಿಷದ ಚಾರ್ಟ್‌ನಲ್ಲಿ ಯಾಕೆ ನಡೆಯುವುದಿಲ್ಲ?” ಎಂಬ ಪ್ರಶ್ನೆಗೆ ಬಹಳ ಸಲ ಇದಿಷ್ಟೇ ಉತ್ತರ: ನಿಮಿಷದ ಲೆಕ್ಕದಲ್ಲಿ ಸ್ಟಾಪ್, ಟಾರ್ಗೆಟ್ ಎರಡೂ ಹತ್ತಿರ, ಖರ್ಚು ಮಾತ್ರ ಅಷ್ಟೇ. ಮನಃಶಾಸ್ತ್ರವನ್ನೆಲ್ಲ ಎಳೆದು ತರಬೇಕಿಲ್ಲ.

ಬ್ರ್ಯಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ 66,465 ಕುಟುಂಬಗಳ 1991ರಿಂದ 1996ರವರೆಗಿನ ಖಾತೆಗಳನ್ನು ನೋಡಿತ್ತು. ಅತಿ ಹೆಚ್ಚು ಟ್ರೇಡ್ ಮಾಡಿದವರಿಗೆ ವರ್ಷಕ್ಕೆ ಸಿಕ್ಕಿದ್ದು ಶೇ. 11.4, ಅದೇ ಅವಧಿಯಲ್ಲಿ ಮಾರುಕಟ್ಟೆ ಕೊಟ್ಟದ್ದು ಶೇ. 17.9. “ಇನ್ನೂ ಹೆಚ್ಚು ಅವಕಾಶ ಹುಡುಕುವುದು ಹೇಗೆ?” ಎಂದು ಯಾರಾದರೂ ಕೇಳಿದಾಗ ನಾನು ಮೊದಲು ಅವರ ಖರ್ಚಿನ ಕಾಲಂ ತೋರಿಸಲು ಹೇಳುತ್ತೇನೆ.

“ಒಂದು ಟ್ರೇಡ್‌ಗೆ ಶೇ. 1 ತೀರ ಕಡಿಮೆಯಲ್ಲವೇ?” ಇದೂ ಲೆಕ್ಕದ ಪ್ರಶ್ನೆಯೇ. ಅರ್ಧಕ್ಕರ್ಧ ಗೆಲ್ಲುವ ವಿಧಾನದಲ್ಲೂ 100 ಟ್ರೇಡ್‌ಗಳಲ್ಲಿ ಎಲ್ಲೋ ಒಂದು ಕಡೆ ಸತತ ಆರು ಅಥವಾ ಹೆಚ್ಚು ಸೋಲು ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಶೇ. 40 ಮಾತ್ರ ಗೆಲ್ಲುವ ವಿಧಾನವಾದರೆ ಅದು ಶೇ. 80 ದಾಟುತ್ತದೆ. ಆ ಆರು ಸೋಲು ಶೇ. 1ರ ಲೆಕ್ಕದಲ್ಲಿ ಬಂಡವಾಳವನ್ನು ಸುಮಾರು ಶೇ. 6 ಇಳಿಸುತ್ತದೆ, ಶೇ. 5ರ ಲೆಕ್ಕದಲ್ಲಿ ಶೇ. 26, ಶೇ. 10ರ ಲೆಕ್ಕದಲ್ಲಿ ಶೇ. 47. ಶೇ. 47 ಕಳೆದುಕೊಂಡವರು ಮೊದಲಿದ್ದಲ್ಲಿಗೆ ಬರಲು ಶೇ. 88 ಗಳಿಸಬೇಕು. ಶೇ. 50 ಹೋದರೆ ಶೇ. 100 ಗಳಿಸಬೇಕು, ಶೇ. 75 ಹೋದರೆ ಶೇ. 300. ಈ ಅಂಕಿಗಳನ್ನು ನೋಡಿದ ಮೇಲೂ ಶೇ. 5 ಸಾಕೇ ಎಂದು ಯಾರಾದರೂ ಕೇಳಿದರೆ, ಅವರಿಗೆ ಬೇಕಿರುವುದು ಸಲಹೆಯಲ್ಲ, ಒಪ್ಪಿಗೆ.

ಇಂಥ ಸೂತ್ರಗಳನ್ನು ಅರ್ಥ ಮಾಡಿಕೊಳ್ಳಲು ಚಾಟ್‌ಬಾಟ್ ಬಳಸುತ್ತೇನೆ. “ಈ ಯೋಜನೆ ಸೋಲುವ ಐದು ದಾರಿ ಹೇಳು” ಎಂದು ಕೇಳಲೂ ಅದು ಒಳ್ಳೆಯದು. ಇವತ್ತಿನ ಬೆಲೆ, ನನ್ನ ಬ್ರೋಕರ್‌ನ ನಿಯಮ, ತೆರಿಗೆ ದರ, ಇವನ್ನು ಮಾತ್ರ ಅದರಿಂದ ತೆಗೆದುಕೊಳ್ಳುವುದಿಲ್ಲ. ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದ ದನಿಯಲ್ಲಿ ಹೇಳುತ್ತದೆ. ಗುಣಾಕಾರವನ್ನೂ ಒಮ್ಮೆ ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿ ನೋಡುತ್ತೇನೆ.

ಯಾರ ಬಳಿ ಯಾವ ಪ್ರಶ್ನೆ

ಬ್ರೋಕರ್‌ನ ಗ್ರಾಹಕ ಸೇವೆಯವರನ್ನು ಜನ “ಮಾರ್ಕೆಟ್ ಮೇಲೆ ಹೋಗುತ್ತಾ?” ಎಂದು ಕೇಳುತ್ತಾರೆ. ಅದು ಅವರ ಕೆಲಸವಲ್ಲ. ಅವರಿಗಷ್ಟೇ ಗೊತ್ತಿರುವ ಸಂಗತಿಗಳನ್ನು ಯಾರೂ ಕೇಳುವುದಿಲ್ಲ. ಖಾತೆ ತೆರೆದ ವಾರದಲ್ಲೇ ನಾನು ಬರವಣಿಗೆಯಲ್ಲಿ ಕೇಳುವುದು ಇವು: ಸ್ಟಾಪ್ ಬೆಲೆ ಮುಟ್ಟಿದಾಗ ಆರ್ಡರ್ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಮಾರುವುದು) ಆಗುತ್ತದೋ ಲಿಮಿಟ್ ಆರ್ಡರ್ (ಹೇಳಿದ ಬೆಲೆಗಿಂತ ಕೆಳಗೆ ಮಾರದಿರುವುದು) ಆಗುತ್ತದೋ? ನಾನು ಹಾಕಿದ ಸ್ಟಾಪ್ ಮರುದಿನವೂ ಇರುತ್ತದೋ, ದಿನದ ಕೊನೆಗೆ ಅಳಿಸಿಹೋಗುತ್ತದೋ? ಡಿವಿಡೆಂಡ್ ಅಥವಾ ಷೇರು ವಿಭಜನೆ ಆದಾಗ ಕಾದಿರುವ ಆರ್ಡರ್‌ಗಳ ಗತಿ ಏನು? ಮಾರ್ಜಿನ್, ಅಂದರೆ ಸಾಲದಲ್ಲಿ ಟ್ರೇಡ್ ಮಾಡಲು ಇಟ್ಟ ಠೇವಣಿ, ಕಡಿಮೆಯಾದರೆ ತಿಳಿಸಿ ಮಾರುತ್ತೀರೋ, ತಿಳಿಸದೆ ಮಾರುತ್ತೀರೋ? ಸಾಲದ ಬಡ್ಡಿ ಯಾವ ದಿನದಿಂದ ಲೆಕ್ಕ? ನಾನು ಹಾಕಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳಲು ಸಾಧ್ಯವೇ?

ಮೊದಲ ಪ್ರಶ್ನೆಯ ಒಳಗೆ ಒಂದು ಸಿಕ್ಕು ಇದೆ. ಮಾರ್ಕೆಟ್ ಆರ್ಡರ್ ಆಗುವ ಸ್ಟಾಪ್ ನಿಮ್ಮನ್ನು ಹೊರಗೆ ತರುವುದು ಹೆಚ್ಚುಕಡಿಮೆ ಖಚಿತ, ಯಾವ ಬೆಲೆಗೆ ಎನ್ನುವುದು ಖಚಿತವಲ್ಲ. ಲಿಮಿಟ್ ಆಗುವ ಸ್ಟಾಪ್‌ನಲ್ಲಿ ಬೆಲೆ ಖಚಿತ, ಹೊರಬರುವುದೇ ಖಚಿತವಲ್ಲ. ಬೆಲೆ ಜಿಗಿದು ಕೆಳಗೆ ಹೋದರೆ ನೀವು ಒಳಗೇ ಉಳಿಯುತ್ತೀರಿ. ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕ್ ಆದ ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರ್‌ನಿಂದ ಯೂರೋ ಬೆಲೆ 1.20 ಫ್ರಾಂಕ್‌ಗಿಂತ ಇಳಿಯದಂತೆ ಕಾಯ್ದುಕೊಂಡಿತ್ತು. 2015ರ ಜನವರಿ 15ರಂದು ಇದ್ದಕ್ಕಿದ್ದಂತೆ ಅದನ್ನು ಕೈಬಿಟ್ಟಿತು. 1.20ರ ಸ್ವಲ್ಪ ಕೆಳಗೆ ಸ್ಟಾಪ್ ಹಾಕಿದ್ದವರಿಗೆ ಆ ಬೆಲೆ ಸಿಗಲೇ ಇಲ್ಲ, ಬಹಳ ಕೆಳಗಿನ ಬೆಲೆಗೆ ಮಾರಾಟವಾಯಿತು. ಲಿವರೇಜ್, ಅಂದರೆ ಸಾಲದ ಬಲದಲ್ಲಿ ದೊಡ್ಡ ಗಾತ್ರ, ತೆಗೆದುಕೊಂಡಿದ್ದ ಎಷ್ಟೋ ಖಾತೆಗಳು ಸೊನ್ನೆಗಿಂತ ಕೆಳಗಿಳಿದು ಬ್ರೋಕರ್‌ಗೇ ಬಾಕಿದಾರರಾದವು. ಕೊನೆಯ ಪ್ರಶ್ನೆಗೆ ಇನ್ನೊಂದು ಪುರಾವೆ 2020ರ ಏಪ್ರಿಲ್ 20. ಅಂದು ಅಮೆರಿಕದ ಕಚ್ಚಾತೈಲದ ಮೇ ತಿಂಗಳ ಫ್ಯೂಚರ್ಸ್ (ಮುಂದಿನ ತಾರೀಖಿಗೆ ಕೊಳ್ಳುವ-ಮಾರುವ ಒಪ್ಪಂದ) ದಿನ ಮುಗಿಸಿದ್ದು ಬ್ಯಾರಲ್‌ಗೆ ಮೈನಸ್ 37.63 ಡಾಲರ್‌ನಲ್ಲಿ. “ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲವಲ್ಲ” ಎಂದು ಯಾರನ್ನೂ ಕೇಳದೆ ಊಹಿಸಿಕೊಂಡವರು ತೆತ್ತ ಬೆಲೆ ಅದು.

ಇವುಗಳ ಉತ್ತರ ಫೋನಿನಲ್ಲಿ ಬಂದರೆ ಸಾಲದು, ಇಮೇಲ್‌ನಲ್ಲಿ ಬೇಕು. ಫೋನಿನಲ್ಲಿ ಹೇಳಿದವರೂ ಬರೆದು ಕೊಡಿ ಎಂದಾಗ ಒಮ್ಮೆ ನಿಯಮ ತೆಗೆದು ನೋಡುತ್ತಾರೆ.

ತೆರಿಗೆಯ ಪ್ರಶ್ನೆ ಲೆಕ್ಕಪರಿಶೋಧಕರಿಗೆ, ಅದೂ ಮೊದಲ ಟ್ರೇಡ್‌ಗೆ ಮುಂಚೆ. ಯಾವ ದಾಖಲೆ ಇಟ್ಟುಕೊಳ್ಳಬೇಕು, ಎಷ್ಟು ದಿನ ಇಟ್ಟುಕೊಂಡರೆ ದರ ಬದಲಾಗುತ್ತದೆ, ನಷ್ಟವನ್ನು ಯಾವುದರ ಎದುರು ಕಳೆಯಬಹುದು. ಮೂರು ಪ್ರಶ್ನೆ, ಅರ್ಧ ಗಂಟೆ.

ಹೂಡಿಕೆ ಸಲಹೆಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ ಮುಜುಗರದ್ದು, ಆದರೂ ಕೇಳಲೇಬೇಕು: “ನಾನು ಇದನ್ನು ಕೊಂಡರೆ ನಿಮಗೆ ಎಲ್ಲೆಲ್ಲಿಂದ ಎಷ್ಟು ಬರುತ್ತದೆ?” ನಾನು ಕೊಡುವ ಶುಲ್ಕ ಮಾತ್ರವಲ್ಲ, ಆ ಫಂಡ್ ಅಥವಾ ವಿಮಾ ಕಂಪನಿ ಕೊಡುವ ಕಮಿಷನ್ ಕೂಡ. ನೇರವಾಗಿ ಅಂಕಿ ಹೇಳುವವರೊಡನೆ ಮಾತು ಮುಂದುವರಿಸಬಹುದು. “ನಿಮಗೆ ಏನೂ ಖರ್ಚಿಲ್ಲ” ಎನ್ನುವವರೊಡನೆ ಇಲ್ಲ, ಯಾಕೆಂದರೆ ಖರ್ಚು ಇದ್ದೇ ಇರುತ್ತದೆ, ಕಾಣದ ಜಾಗದಲ್ಲಿರುತ್ತದೆ. ಎರಡನೆಯದು: “ಕಡಿಮೆ ಶುಲ್ಕದ ಇಂಡೆಕ್ಸ್ ಫಂಡ್ ಬಿಟ್ಟು ಇದೇ ಯಾಕೆ?” ಇಂಡೆಕ್ಸ್ ಫಂಡ್ ಅಂದರೆ ಸೂಚ್ಯಂಕದಲ್ಲಿರುವ ಷೇರುಗಳನ್ನು ಹಾಗೇ ಕೊಂಡಿಡುವ ಫಂಡ್. ಸಾಮಾನ್ಯ ಹೂಡಿಕೆದಾರರಿಗೆ ಅದು ಸಿಗಲು ಶುರುವಾದದ್ದು 1976ರಲ್ಲಿ, ಅಮೆರಿಕದ ಫಂಡ್ ಕಂಪನಿ ವ್ಯಾನ್‌ಗಾರ್ಡ್‌ನಿಂದ. ಅಂದಿನಿಂದ ಯಾವುದೇ ದುಬಾರಿ ಫಂಡ್ ತನ್ನನ್ನು ತಾನು ಸಮರ್ಥಿಸಿಕೊಳ್ಳಬೇಕಾಗಿದೆ. ಶುಲ್ಕದ ಮುಂಚೆ ವರ್ಷಕ್ಕೆ ಶೇ. 8 ಬೆಳೆಯುವ ಹಣ ಶೇ. 1 ಶುಲ್ಕದಲ್ಲಿ 30 ವರ್ಷಕ್ಕೆ 7.6 ಪಟ್ಟಾಗುತ್ತದೆ, ಶೇ. 2 ಶುಲ್ಕದಲ್ಲಿ 5.7 ಪಟ್ಟು. ಒಂದೇ ಒಂದು ಶೇಕಡಾ ಎನ್ನುವುದು ಕೊನೆಯ ಮೊತ್ತದ ಸುಮಾರು ಕಾಲುಭಾಗ.

“ದೀರ್ಘಾವಧಿಗೆ ಇಟ್ಟರೆ ನಷ್ಟವೇ ಇಲ್ಲ” ಎನ್ನುವ ಉತ್ತರ ಬಂದಾಗ ನಾನು ಕೇಳುವುದು, “ದೀರ್ಘ ಅಂದರೆ ಎಷ್ಟು ವರ್ಷ?” ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ ಮುಟ್ಟಿದ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಡಿವಿಡೆಂಡ್ ಸೇರಿಸಿದರೆ, ಕಂತುಕಂತಾಗಿ ಕೊಂಡಿದ್ದರೆ ಕಾಯುವ ಕಾಲ ಕಡಿಮೆಯಾಗುತ್ತಿತ್ತು ನಿಜ. ಒಂದೇ ದೇಶ, ಒಂದೇ ಸಲ ಪೂರ್ತಿ ಹಣ, ತುತ್ತತುದಿಯ ಬೆಲೆ, ಈ ಮೂರೂ ಕೂಡಿದಾಗ ಏನಾಗಬಹುದು ಎಂಬುದಕ್ಕೆ ಅದು ಅಳತೆಗೋಲು. ಒಳ್ಳೆಯ ಸಲಹೆಗಾರರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ನಿಮಗೆ ಹಣ ಯಾವ ವರ್ಷ ಬೇಕು ಎಂದು ತಿರುಗಿ ಕೇಳುತ್ತಾರೆ.

ಇನ್ನು ಅನುಭವಿ ಟ್ರೇಡರ್‌ಗಳು. ಇವರಿಂದ ಮುನ್ಸೂಚನೆ ಕೇಳುವುದು ಅವರ ಸಮಯವನ್ನೂ ನನ್ನದನ್ನೂ ಹಾಳು ಮಾಡಿದಂತೆ. ನಾನು ಕೇಳುವುದು: ನಿಮ್ಮ ವಿಧಾನ ಎಂಥ ಮಾರುಕಟ್ಟೆಯಲ್ಲಿ ನಡೆಯುವುದಿಲ್ಲ? ಅಂಥ ಕಾಲ ಬಂದಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಆಗ ಪೂರ್ತಿ ನಿಲ್ಲಿಸುತ್ತೀರೋ, ಗಾತ್ರ ಕಡಿಮೆ ಮಾಡುತ್ತೀರೋ? ಅತಿ ದೊಡ್ಡ ಡ್ರಾಡೌನ್, ಅಂದರೆ ತುದಿಯಿಂದ ಬಂಡವಾಳ ಇಳಿದದ್ದು, ಎಷ್ಟು, ಅದರಿಂದ ಹೊರಬರಲು ಎಷ್ಟು ತಿಂಗಳು ಹಿಡಿಯಿತು? ಒಂದು ದಿಕ್ಕಿನಲ್ಲಿ ಓಡುವ ಬೆಲೆಯ ಬೆನ್ನು ಹತ್ತುವ ವಿಧಾನ, ಬೆಲೆ ಅತ್ತಿತ್ತ ತೂಗಾಡುವ ತಿಂಗಳುಗಳಲ್ಲಿ ಚೂರುಚೂರು ನಷ್ಟ ಮಾಡಲೇಬೇಕು. ಅದನ್ನು ಗೊತ್ತಿದ್ದು ಒಪ್ಪಿಕೊಂಡವರೇ ಆ ವಿಧಾನವನ್ನು ಬಲ್ಲವರು. ಮೊದಲ ಪ್ರಶ್ನೆಗೆ “ಎಲ್ಲ ಕಾಲದಲ್ಲೂ ನಡೆಯುತ್ತದೆ” ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಎದ್ದು ಬರುತ್ತೇನೆ.

ಹೇಳುವವರ ದಾಖಲೆ

ಲಾಭದ ಸ್ಕ್ರೀನ್‌ಶಾಟ್ ದಾಖಲೆಯಲ್ಲ. ಹತ್ತು ಖಾತೆಗಳಲ್ಲಿ ಒಂದರದ್ದಿರಬಹುದು, ನಿಜವಾದ ಹಣವಿಲ್ಲದ ಡೆಮೊ ಖಾತೆಯದ್ದಿರಬಹುದು, ನಷ್ಟದಲ್ಲಿರುವ, ಇನ್ನೂ ಮಾರದ ಪೊಸಿಷನ್‌ಗಳನ್ನು ತೆರೆದೇ ಇಟ್ಟು ಗೆದ್ದವನ್ನು ಮಾತ್ರ ಮುಚ್ಚಿದ್ದಿರಬಹುದು. ಈ ಕೊನೆಯದು ಬಹಳ ಸಾಮಾನ್ಯ. ಶೇ. 95 ಗೆಲುವು ಎಂದು ಹೇಳಿಕೊಳ್ಳುವವರ ಉಳಿದ ಶೇ. 5 ಎಲ್ಲಿ ಕೂತಿದೆ ಎಂದು ನೋಡಬೇಕು. ನಾನು ಕೇಳುವುದು ಬ್ರೋಕರ್ ಕೊಟ್ಟ ಸ್ಟೇಟ್‌ಮೆಂಟ್: ಕನಿಷ್ಠ ಒಂದು ಪೂರ್ತಿ ವರ್ಷ, ತೆರೆದಿರುವ ಪೊಸಿಷನ್‌ಗಳೂ ಸೇರಿ, ಹಣ ಹಾಕಿದ್ದು-ತೆಗೆದದ್ದು ಕಾಣುವಂತೆ. ಕೊಡುವುದು ಬಿಡುವುದು ಅವರಿಷ್ಟ. ಕೊಡದಿದ್ದರೆ ಅವರಿಗೆ ದುಡ್ಡು ಕೊಟ್ಟು ಕಲಿಯುವುದು ಬಿಡುವುದು ನನ್ನಿಷ್ಟ.

ಸತತವಾಗಿ ಸರಿ ಹೇಳುವವರ ಬಗ್ಗೆ ಒಂದು ಹಳೆಯ ಲೆಕ್ಕ ನೆನಪಿಟ್ಟುಕೊಳ್ಳುವುದು ಒಳ್ಳೆಯದು. 1,024 ಜನರಿಗೆ ಟಿಪ್ ಕಳಿಸಿ, ಅರ್ಧ ಜನಕ್ಕೆ ಏರುತ್ತದೆ ಎಂದು, ಇನ್ನರ್ಧಕ್ಕೆ ಇಳಿಯುತ್ತದೆ ಎಂದು. ಸರಿಯಾದ ಟಿಪ್ ಸಿಕ್ಕ 512 ಜನರಿಗೆ ಮತ್ತೆ ಹಾಗೇ. ಐದನೆಯ ಸುತ್ತು ಮುಗಿದಾಗ 32 ಜನರ ಕಣ್ಣಿಗೆ ನೀವು ಐದಕ್ಕೆ ಐದೂ ಸರಿ ಹೇಳಿದ ಪವಾಡ ಪುರುಷ. ಹತ್ತನೆಯದಕ್ಕೆ ಒಬ್ಬರು ಉಳಿದಿರುತ್ತಾರೆ, ಅವರು ಮನೆ ಅಡವಿಟ್ಟು ದುಡ್ಡು ತರುತ್ತಾರೆ. ಮೋಸ ಮಾಡುವ ಉದ್ದೇಶವಿಲ್ಲದೆಯೂ ಇದು ನಡೆಯುತ್ತದೆ. ಸಾವಿರ ಜನ ಮುನ್ಸೂಚನೆ ಹೇಳುತ್ತಿದ್ದರೆ ಯಾರೋ ಒಬ್ಬರದು ಹತ್ತು ಸಲ ಕೂಡಿಬರುತ್ತದೆ, ನಮಗೆ ಕಾಣುವುದು ಅವರೊಬ್ಬರೇ.

ತೀರ ನಯವಾದ ಲಾಭವೂ ಪ್ರಶ್ನೆ ಕೇಳಬೇಕಾದ ಜಾಗ. ಅಮೆರಿಕದಲ್ಲಿ ಹೂಡಿಕೆಯ ಹೆಸರಲ್ಲಿ ದೊಡ್ಡ ವಂಚನೆ ನಡೆಸಿದ ಬರ್ನಾರ್ಡ್ ಮ್ಯಾಡಾಫ್ ಹತ್ತಿರ ಹಣ ಇಟ್ಟವರಿಗೆ ತಿಂಗಳ ಮೇಲೆ ತಿಂಗಳು ಲಾಭ ಕಾಣುತ್ತಿತ್ತು, ನಷ್ಟದ ತಿಂಗಳು ಬೆರಳೆಣಿಕೆಯಷ್ಟು. ಹಣಕಾಸು ವಿಶ್ಲೇಷಕ ಹ್ಯಾರಿ ಮಾರ್ಕೊಪೊಲೊಸ್ 2000ದಿಂದಲೇ ಅಮೆರಿಕದ ನಿಯಂತ್ರಕರಿಗೆ ಬರೆದು ಕೇಳುತ್ತಿದ್ದದ್ದು ಸರಳ ಲೆಕ್ಕ: ಇಷ್ಟು ದೊಡ್ಡ ಮೊತ್ತಕ್ಕೆ ಈ ವಿಧಾನ ನಡೆಸಲು ಬೇಕಾಗುವಷ್ಟು, ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು ಕೊಡುವ ಆಪ್ಷನ್‌ಗಳೇ ಮಾರುಕಟ್ಟೆಯಲ್ಲಿ ಇಲ್ಲವಲ್ಲ? ಮ್ಯಾಡಾಫ್ ಬಂಧನವಾದದ್ದು 2008ರ ಡಿಸೆಂಬರ್‌ನಲ್ಲಿ. ಹೂಡಿಕೆ ಮಾಡುವವರು, ಹಣವನ್ನೂ ಷೇರುಗಳನ್ನೂ ಕಾಯ್ದಿಡುವವರು, ತಿಂಗಳ ಸ್ಟೇಟ್‌ಮೆಂಟ್ ಕಳಿಸುವವರು ಎಲ್ಲ ಒಂದೇ ಕೈ ಆಗಿದ್ದದ್ದು ಅಲ್ಲಿನ ದೊಡ್ಡ ದೋಷ. ಅದಕ್ಕೇ ನನ್ನ ಪಟ್ಟಿಯಲ್ಲಿ “ಹಣ ಯಾರ ಹತ್ತಿರ ಇರುತ್ತದೆ, ಲೆಕ್ಕ ಯಾರು ಪರಿಶೀಲಿಸುತ್ತಾರೆ?” ಎನ್ನುವುದು “ಎಷ್ಟು ಲಾಭ?” ಎನ್ನುವುದಕ್ಕಿಂತ ಮೇಲಿದೆ.

ನೇರ ವಂಚನೆಯ ಗುರುತುಗಳು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು: ಖಚಿತ ಲಾಭದ ಮಾತು, ಪಾಸ್‌ವರ್ಡ್ ಕೇಳುವುದು, ಫೋನ್‌ಗೆ ಯಾವುದೋ ಆ್ಯಪ್ ಹಾಕಿಸಿ ಪರದೆ ನೋಡುವುದು, ವೈಯಕ್ತಿಕ ಖಾತೆಗೆ ಹಣ ಹಾಕಿಸಿಕೊಳ್ಳುವುದು. ಜನ ಎಡವುವುದು ಬೇರೆಡೆ. “ಪರೀಕ್ಷೆಗೆಂದು ಸ್ವಲ್ಪ ಹಣ ಹಿಂದೆಗೆದೆ, ಬಂತು, ಹಾಗಾಗಿ ನಂಬಿದೆ” ಎನ್ನುತ್ತಾರೆ. ಚಿಕ್ಕ ಮೊತ್ತ ವಾಪಸು ಕೊಡುವುದು ಆ ಬಲೆಯ ಭಾಗವೇ. ದೊಡ್ಡ ಮೊತ್ತ ಕೇಳಿದಾಗ “ಮೊದಲು ತೆರಿಗೆ ಕಟ್ಟಿ, ಆಮೇಲೆ ಬಿಡುಗಡೆ” ಎಂಬ ಮಾತು ಬರುತ್ತದೆ. ಕಳೆದುಕೊಂಡ ಮೇಲೆ “ನಿಮ್ಮ ಹಣ ವಾಪಸು ಕೊಡಿಸುತ್ತೇವೆ, ಮುಂಗಡ ಕೊಡಿ” ಎಂದು ಎರಡನೆಯ ತಂಡ ಬರುತ್ತದೆ. ಪರವಾನಗಿ ಸಂಖ್ಯೆಯನ್ನು ಅವರು ಕಳಿಸಿದ ಲಿಂಕ್‌ನಲ್ಲಿ ನೋಡಬಾರದು, ನಿಯಂತ್ರಕರ ತಾಣದ ವಿಳಾಸವನ್ನು ನಾವೇ ಟೈಪ್ ಮಾಡಿ ನೋಡಬೇಕು, ಅಲ್ಲಿರುವ ಫೋನ್ ಸಂಖ್ಯೆಗೇ ಕರೆ ಮಾಡಬೇಕು. ನಿಜವಾದ ಸಂಸ್ಥೆಯ ಹೆಸರನ್ನೂ ಸಂಖ್ಯೆಯನ್ನೂ ಕದ್ದು ಬಳಸುವವರಿದ್ದಾರೆ.

ಫಲಿತಾಂಶ ಮುಚ್ಚಿಟ್ಟು ಕೇಳುವುದು

ಕಲಿಕೆ ನಿಜವಾಗಿ ನಡೆಯುವುದು ಮುಗಿದ ಟ್ರೇಡ್‌ಗಳ ಮೇಲಿನ ಪ್ರಶ್ನೆಗಳಲ್ಲಿ. ಅದಕ್ಕೆ ಡೈರಿ ಬೇಕು. ದಿನಾಂಕ, ಎಂಟ್ರಿ, ಸ್ಟಾಪ್, ಟಾರ್ಗೆಟ್, ಗಾತ್ರ, ಕಾರಣ, ಎಂಟ್ರಿ ಹೊತ್ತಿನ ಚಾರ್ಟ್‌ನ ಚಿತ್ರ, ಹೊರಬಂದ ಬೆಲೆ, ಖರ್ಚು, ನಿಯಮ ಪಾಲಿಸಿದೆನೋ ಇಲ್ಲವೋ. ಇವುಗಳ ಜೊತೆ ಎರಡು ಕಾಲಂ: ಟ್ರೇಡ್ ತೆರೆದಿದ್ದಾಗ ಬೆಲೆ ನನ್ನ ವಿರುದ್ಧ ಅತಿ ಹೆಚ್ಚು ಎಷ್ಟು ಹೋಯಿತು, ನನ್ನ ಪರವಾಗಿ ಅತಿ ಹೆಚ್ಚು ಎಷ್ಟು ಬಂತು. ಸ್ಟಾಪ್ ಎಲ್ಲಿರಬೇಕು, ಟಾರ್ಗೆಟ್ ದೂರವಾಯಿತೇ ಎಂಬ ಪ್ರಶ್ನೆಗಳಿಗೆ ಈ ಎರಡು ಕಾಲಂ ಕೊಡುವಷ್ಟು ಸ್ಪಷ್ಟ ಉತ್ತರವನ್ನು ಯಾವ ಗುರುವೂ ಕೊಡಲಾರರು. ಗೆದ್ದ ಟ್ರೇಡ್‌ಗಳಲ್ಲಿ ಬೆಲೆ ವಿರುದ್ಧ ಹೋದದ್ದು ಹೆಚ್ಚೆಂದರೆ 4, ಆದರೆ ಸ್ಟಾಪ್ 10 ದೂರ ಇದೆ ಎಂದಾದರೆ ಕೇಳಬೇಕಾದ ಪ್ರಶ್ನೆ ತಾನಾಗಿ ಎದ್ದುಬರುತ್ತದೆ.

ಡೈರಿಯನ್ನು ಇನ್ನೊಬ್ಬರಿಗೆ ತೋರಿಸುವಾಗ ಒಂದು ಉಪಾಯ ಮಾಡುತ್ತೇನೆ. ಚಾರ್ಟನ್ನು ಎಂಟ್ರಿ ಹೊತ್ತಿಗೆ ಕತ್ತರಿಸಿ ಕೊಡುತ್ತೇನೆ, ಮುಂದೆ ಏನಾಯಿತು ಎನ್ನುವುದು ಕಾಣಬಾರದು. ಗೆದ್ದವು ಐದು, ಸೋತವು ಐದು, ಕಲಸಿ. ಫಲಿತಾಂಶ ಕಂಡರೆ ಯಾರಾದರೂ ಅದಕ್ಕೆ ತಕ್ಕ ಕಾರಣ ಹೊಲಿಯುತ್ತಾರೆ. ಗೆದ್ದದ್ದರಲ್ಲಿ ಜಾಣತನ, ಸೋತದ್ದರಲ್ಲಿ ತಪ್ಪು ಕಾಣುತ್ತದೆ. ಮುಚ್ಚಿ ಕೇಳಿದಾಗ “ಈ ಮೂರನ್ನು ನಾನು ಮುಟ್ಟುತ್ತಿರಲಿಲ್ಲ” ಎಂದು ಅವರು ಎತ್ತಿಡುವ ಚಿತ್ರಗಳಲ್ಲಿ ಗೆದ್ದವೂ ಇರುತ್ತವೆ. ತಪ್ಪಾಗಿ ಹೊಕ್ಕು ಅದೃಷ್ಟದಿಂದ ಗೆದ್ದ ಟ್ರೇಡ್‌ಗಳು ಅವು. ಅವನ್ನು ಹಿಡಿಯಲು ಬೇರೆ ದಾರಿ ನನಗೆ ಸಿಕ್ಕಿಲ್ಲ.

“ವಿಧಾನ ಬದಲಿಸಲೇ?” ಎಂದು ಕೇಳುವ ಮೊದಲು ಎಷ್ಟು ಟ್ರೇಡ್ ಆಗಿದೆ ಎಣಿಸಿ. 30 ಟ್ರೇಡ್‌ಗಳಲ್ಲಿ ಶೇ. 60 ಗೆದ್ದಿದ್ದರೆ ನಿಜವಾದ ಗೆಲುವಿನ ಪ್ರಮಾಣ ಶೇ. 42ರಿಂದ 78ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 100 ಆದಾಗ ಆ ಅಂತರ ಶೇ. 50ರಿಂದ 70ಕ್ಕೆ ಕಿರಿದಾಗುತ್ತದೆ. ಎಂಟು ಟ್ರೇಡ್ ಸೋತು ವಿಧಾನ ಬದಲಿಸುವವರಿಗೆ ಯಾವ ವಿಧಾನದ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಸಲಹೆ ಬಂದಾಗಲೂ ಒಂದು ಸಲಕ್ಕೆ ಒಂದೇ ಬದಲಾವಣೆ. ಒಬ್ಬರು ಸ್ಟಾಪ್ ಅಗಲಿಸಿ ಎನ್ನುತ್ತಾರೆ, ಇನ್ನೊಬ್ಬರು ಟಾರ್ಗೆಟ್ ಹತ್ತಿರ ತನ್ನಿ ಎನ್ನುತ್ತಾರೆ. ಬೇರೆಬೇರೆ ವಿಧಾನದಲ್ಲಿ ಎರಡೂ ಸರಿ. ಒಟ್ಟಿಗೆ ಮಾಡಿದರೆ ದೊಡ್ಡ ನಷ್ಟ, ಚಿಕ್ಕ ಲಾಭ.

ಕೇಳಬಾರದ ಹೊತ್ತು

ಪೊಸಿಷನ್ ತೆರೆದಿದೆ, ನಷ್ಟದಲ್ಲಿದೆ, ಸ್ಟಾಪ್ ಹತ್ತಿರ ಬಂದಿದೆ. ಆಗ ಏಳುವ “ಇನ್ನೂ ಸ್ವಲ್ಪ ಕಾಯಲೇ?” ಎನ್ನುವುದು ಪ್ರಶ್ನೆಯಲ್ಲ. ಹತ್ತು ಜನರನ್ನು ಕೇಳಿ, ಕಾಯಿರಿ ಎಂದ ಒಬ್ಬರ ಮಾತನ್ನೇ ಹಿಡಿದುಕೊಳ್ಳುತ್ತೇವೆ. ಅದಕ್ಕೇ ನನ್ನ ಚೀಟಿಯ ಹಿಂಬದಿಯಲ್ಲಿ ಎಂಟ್ರಿಗೆ ಮುಂಚೆಯೇ ಒಂದು ಸಾಲು ಬರೆದಿರುತ್ತದೆ: “232 ಮುಟ್ಟಿದರೆ ನನ್ನ ಕಾರಣ ಸುಳ್ಳಾಯಿತು.” ಆ ಹೊತ್ತಿನಲ್ಲಿ ಓದುವುದು ಆ ಸಾಲನ್ನು ಮಾತ್ರ. ಪ್ರಶ್ನೆ ಏನಿದ್ದರೂ ಮಾರುಕಟ್ಟೆ ಮುಚ್ಚಿದ ಮೇಲೆ, ಪೊಸಿಷನ್ ಇಲ್ಲದಾಗ.

ದೊಡ್ಡ ಗೆಲುವಿನ ಸಂಜೆಯೂ ಕೇಳುವ ಹೊತ್ತಲ್ಲ, ಅಂದು ಏಳುವ ಒಂದೇ ಪ್ರಶ್ನೆ ಗಾತ್ರ ಹೆಚ್ಚಿಸಲೇ ಎಂಬುದು.

ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಇಡುತ್ತೇನೆ. ಪ್ರಶ್ನೆ, ದಿನಾಂಕ, ಯಾರು ಹೇಳಿದರು, ಏನು ಹೇಳಿದರು, ನಾನು ಏನು ಮಾಡಿದೆ. ಮೂರು ತಿಂಗಳ ನಂತರ ಪಕ್ಕದಲ್ಲಿ ಸರಿ, ತಪ್ಪು, ಅಥವಾ “ನನಗೆ ಹೊಂದಲಿಲ್ಲ” ಎಂದು ಬರೆಯುತ್ತೇನೆ. ಯಾರ ಮಾತು ಯಾವ ವಿಷಯದಲ್ಲಿ ನಂಬಬಹುದು ಎನ್ನುವುದು ಒಂದು ವರ್ಷದಲ್ಲಿ ಈ ಕಾಲಂನಿಂದಲೇ ಗೊತ್ತಾಗುತ್ತದೆ; ಸ್ಟಾಪ್ ಬಗ್ಗೆ ಅಚ್ಚುಕಟ್ಟಾಗಿ ಹೇಳುವವರು ಫಂಡ್ ಆಯ್ಕೆಯಲ್ಲಿ ಎಡವುವುದನ್ನು ಅದು ತೋರಿಸುತ್ತದೆ. ಒಂದೇ ಪ್ರಶ್ನೆ ಮೂರನೆಯ ಸಲ ಬಂದರೆ ಅದರ ಸುತ್ತ ಕೆಂಪು ಗೆರೆ ಎಳೆದು, ಉತ್ತರವನ್ನು ಮೊದಲ ಪುಟದ ನಿಯಮಗಳಿಗೆ ಸೇರಿಸುತ್ತೇನೆ. ಆ ಪುಟದಲ್ಲಿ ಈಗ ಹನ್ನೊಂದು ಸಾಲುಗಳಿವೆ, ಅದರಲ್ಲಿ ಏಳು ಗಾತ್ರದ ಬಗ್ಗೆ.